ಔಷಧೀಯ ಸಸ್ಯಗಳು ಹಾಗೂ ಔಷಧಗಳು ಒಳಾಂಗಗಳ ಮೇಲೆ ಬೀರುವ ಪರಿಣಾಮ: ಪ್ರಾಣಿ ಅಧ್ಯಯನಗಳ ಕುರಿತು ಸಾರ್ವಜನಿಕ ಮಾಹಿತಿ

ಪೀಠಿಕೆ

ಆಯುರ್ವೇದ, ಸಿದ್ಧ ಹಾಗೂ ಯುನಾನಿ ಔಷಧಗಳ ತಯಾರಿಕಾ ಪರವಾನಗಿ ಕೋರಿ ಅರ್ಜಿ ಸಲ್ಲಿಸುವವರಿಗೆ ಕೆಲವು ಸಂದರ್ಭಗಳಲ್ಲಿ ಸುರಕ್ಷತಾ ಅಧ್ಯಯನದ ವರದಿಯನ್ನು ಲಗತ್ತಿಸುವಂತೆ ಸೂಚಿಸಲಾಗುತ್ತದೆ. ಈ ವರದಿ ಎಂದರೇನು, ಅದು ಯಾವಾಗ ಬೇಕು, ಯಾವಾಗ ಬೇಡ, ಅದರಲ್ಲಿ ಏನಿರಬೇಕು ಎಂಬ ವಿಷಯದಲ್ಲಿ ಅರ್ಜಿದಾರರಲ್ಲಿ ಸಾಕಷ್ಟು ಗೊಂದಲವಿದೆ. ಮನೆಮದ್ದನ್ನು ತಲೆತಲಾಂತರದಿಂದ ಕೊಡುತ್ತ ಬಂದ ನಾಟಿವೈದ್ಯರ ಕುಟುಂಬದವರು, ಸಣ್ಣ ಪ್ರಮಾಣದಲ್ಲಿ ತೈಲ, ಚೂರ್ಣ, ಲೇಹ್ಯಗಳನ್ನು ತಯಾರಿಸಬಯಸುವ ಸ್ವಸಹಾಯ ಗುಂಪಿನವರು ಹಾಗೂ ಔಷಧವನ್ನು ಕೊಂಡು ಬಳಸುವ ಸಾರ್ವಜನಿಕರು ಈ ವಿಷಯವನ್ನು ತಿಳಿದುಕೊಳ್ಳಲೆಂದು ಈ ಪುಟವನ್ನು ಸಿದ್ಧಪಡಿಸಲಾಗಿದೆ. ಇದು ಕಾನೂನಿನ ಪಠ್ಯಕ್ಕೆ ಬದಲಿಯಲ್ಲ. ಅರ್ಜಿ ಸಲ್ಲಿಸುವ ಮುನ್ನ ಮೂಲ ನಿಯಮಗಳನ್ನು ಪರಿಶೀಲಿಸತಕ್ಕದ್ದು.

ಸುರಕ್ಷತಾ ಅಧ್ಯಯನ ಯಾವಾಗ ಅಗತ್ಯ

ಔಷಧ ಮತ್ತು ಸೌಂದರ್ಯವರ್ಧಕಗಳ ಅಧಿನಿಯಮ, 1940 ಹಾಗೂ ಅದರಡಿಯ 1945ರ ನಿಯಮಗಳು ಈ ವಿಷಯವನ್ನು ನಿಯಂತ್ರಿಸುತ್ತವೆ. 2010ರಲ್ಲಿ ಸೇರಿಸಲಾದ 158-ಬಿ ನಿಯಮವು ಯಾವ ಬಗೆಯ ಔಷಧಕ್ಕೆ ಯಾವ ಪುರಾವೆ ಬೇಕೆಂಬುದನ್ನು ವಿಂಗಡಿಸಿ ತಿಳಿಸುತ್ತದೆ. ಅಧಿಕೃತ ಗ್ರಂಥಗಳಲ್ಲಿ ಹೇಳಿರುವ ಔಷಧವನ್ನು, ಅಲ್ಲಿ ಹೇಳಿದ ಘಟಕಗಳಿಂದಲೇ, ಅಲ್ಲಿ ಹೇಳಿದ ರೋಗಕ್ಕಾಗಿಯೇ ತಯಾರಿಸುವುದಾದರೆ ಸುರಕ್ಷತಾ ಅಧ್ಯಯನದ ಅಗತ್ಯವಿರುವುದಿಲ್ಲ. ತ್ರಿಫಲಾ ಚೂರ್ಣಕ್ಕೆ ಪರವಾನಗಿ ಕೋರುವವರು ಇಲಿಗಳ ಮೇಲಿನ ಪ್ರಯೋಗದ ವರದಿಗಾಗಿ ಹಣ ವ್ಯಯಿಸಬೇಕಾಗಿಲ್ಲ. ಈ ಅಂಶ ತಿಳಿಯದೆ ಅನಗತ್ಯ ವೆಚ್ಚ ಮಾಡಿಕೊಳ್ಳುವ ಸಣ್ಣ ತಯಾರಕರಿರುವುದರಿಂದ ಇದನ್ನು ಮೊದಲಿಗೇ ಸ್ಪಷ್ಟಪಡಿಸಲಾಗಿದೆ.

ತಯಾರಕರು ತಾವೇ ಸಂಯೋಜಿಸಿದ ಔಷಧದಲ್ಲಿ ಅನುಸೂಚಿ ಇ(1)ರಲ್ಲಿ ಪಟ್ಟಿ ಮಾಡಿರುವ ವಿಷದ್ರವ್ಯಗಳಿದ್ದಲ್ಲಿ ಸ್ಥಿತಿ ಬೇರೆಯಾಗುತ್ತದೆ. ವತ್ಸನಾಭ, ಕಾಸರಕ, ದತ್ತೂರಿ, ಗುಲಗಂಜಿ, ಕರಿಗೇರು, ಎಕ್ಕ, ಕಣಗಿಲೆ ಮುಂತಾದ ಸಸ್ಯದ್ರವ್ಯಗಳೂ, ಪಾದರಸ, ಹರಿತಾಳ, ಮೈಲುತುತ್ತ ಮುಂತಾದ ಖನಿಜದ್ರವ್ಯಗಳೂ ಈ ಪಟ್ಟಿಯಲ್ಲಿವೆ. ಇವುಗಳನ್ನು ಶೋಧನೆ ಮಾಡಿ ಬಳಸುವ ಪದ್ಧತಿ ಶಾಸ್ತ್ರದಲ್ಲಿಯೇ ಇದ್ದರೂ, ಹೊಸ ಸಂಯೋಜನೆಯಲ್ಲಿ ಸೇರಿದಾಗ ಸುರಕ್ಷತೆಯ ಪುರಾವೆ ಒದಗಿಸಬೇಕಾಗುತ್ತದೆ. ಅಲ್ಲದೆ, ಇಂತಹ ದ್ರವ್ಯಗಳಿರುವ ಸೇವನಾರ್ಹ ಔಷಧದ ಹೊರಪಟ್ಟಿಯ ಮೇಲೆ ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಸೇವಿಸಬೇಕೆಂಬ ಎಚ್ಚರಿಕೆಯನ್ನು ಮುದ್ರಿಸತಕ್ಕದ್ದು. ನೀರು ಅಥವಾ ನೀರು ಬೆರೆತ ಮದ್ಯಸಾರವನ್ನು ಬಿಟ್ಟು ಬೇರೆ ದ್ರಾವಕಗಳಿಂದ ತೆಗೆದ ಸಸ್ಯಸಾರಕ್ಕೆ ಇನ್ನೂ ಹೆಚ್ಚಿನ ಪರೀಕ್ಷೆಗಳು ವಿಧಿತವಾಗಿವೆ. ತೀಕ್ಷ್ಣ ವಿಷತ್ವ, ದೀರ್ಘಕಾಲಿಕ ವಿಷತ್ವ, ಜೀನ್ ರೂಪಾಂತರ ಮತ್ತು ಭ್ರೂಣವಿಕೃತಿ ಈ ನಾಲ್ಕನ್ನೂ ಪರಿಶೀಲಿಸಬೇಕು. ಕಾರಣ ಸರಳ. ಹಿರಿಯರು ಕಷಾಯವನ್ನು ನೀರಿನಲ್ಲಿ ಕುದಿಸಿ ಕೊಟ್ಟ ಅನುಭವ ಹೆಕ್ಸೇನ್ ಅಥವಾ ಕ್ಲೋರೋಫಾರ್ಮ್‌ನಿಂದ ತೆಗೆದ ಸಾರಕ್ಕೆ ಅನ್ವಯಿಸುವುದಿಲ್ಲ. ಗಿಡ ಅದೇ ಆದರೂ ಅದರಿಂದ ಹೊರಬರುವ ರಾಸಾಯನಿಕಗಳು ಬೇರೆ.

ಸಸ್ಯದಿಂದ ಶುದ್ಧೀಕರಿಸಿ, ಪ್ರಮಾಣೀಕರಿಸಿದ ಭಾಗವನ್ನು ಆಧುನಿಕ ಔಷಧವಾಗಿ ತರಬಯಸುವವರಿಗೆ ಮಾರ್ಗವೇ ಬೇರೆ. 2015ರಲ್ಲಿ 'ಫೈಟೊಫಾರ್ಮಾಸ್ಯುಟಿಕಲ್' ಎಂಬ ವರ್ಗವನ್ನು ನಿಯಮಗಳಲ್ಲಿ ಸೇರಿಸಲಾಯಿತು. ಅಂತಹ ಅರ್ಜಿಗಳನ್ನು ಹೊಸ ಔಷಧಗಳು ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಗಳು, 2019ರ ಅಡಿಯಲ್ಲಿ ಕೇಂದ್ರ ಪರವಾನಗಿ ಪ್ರಾಧಿಕಾರಕ್ಕೆ ಸಲ್ಲಿಸಬೇಕಾಗುತ್ತದೆ, ರಾಜ್ಯಕ್ಕೆ ಅಲ್ಲ.

ಪರೀಕ್ಷೆ ನಡೆಯುವ ಬಗೆ

ಹಿಂದೆ ಒಂದು ದ್ರವ್ಯದ ವಿಷತ್ವವನ್ನು ಅಳೆಯಲು, ಪ್ರಯೋಗಕ್ಕೊಳಪಟ್ಟ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯುವ ಪ್ರಮಾಣವನ್ನು ಕಂಡುಹಿಡಿಯುವ ಪದ್ಧತಿಯಿತ್ತು. ಇದಕ್ಕೆ ಬಹಳಷ್ಟು ಪ್ರಾಣಿಗಳು ಬಲಿಯಾಗುತ್ತಿದ್ದವು. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯು ಈ ಹಳೆಯ ಮಾರ್ಗಸೂಚಿಯನ್ನು 2002ರಲ್ಲಿ ರದ್ದುಪಡಿಸಿತು. ಅದರ ಬದಲಿಗೆ ಬಂದ ಮಾರ್ಗಸೂಚಿಗಳಲ್ಲಿ 423ನೆಯದು ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿದೆ. ಇದರಲ್ಲಿ ಪ್ರತಿ ಹಂತಕ್ಕೆ 3 ಪ್ರಾಣಿಗಳು ಮಾತ್ರ. ದೇಹತೂಕದ ಪ್ರತಿ ಕಿಲೋಗ್ರಾಂಗೆ 5, 50, 300 ಅಥವಾ 2000 ಮಿಲಿಗ್ರಾಂ ಎಂಬ ನಿಗದಿತ ಪ್ರಮಾಣಗಳಲ್ಲಿ ಒಂದರಿಂದ ಆರಂಭಿಸಿ, ಫಲಿತಾಂಶ ನೋಡಿಕೊಂಡು ಮೇಲಕ್ಕೋ ಕೆಳಕ್ಕೋ ಹೋಗಲಾಗುತ್ತದೆ. ಪ್ರಾಣಿಗಳನ್ನು 14 ದಿನ ಗಮನಿಸಲಾಗುತ್ತದೆ.

ಒಂದೇ ಬಾರಿ ಕೊಟ್ಟು ನೋಡುವ ಈ ಪರೀಕ್ಷೆಯಲ್ಲಿ ಪ್ರಾಣಿ ಸಾಯಲಿಲ್ಲವೆಂದ ಮಾತ್ರಕ್ಕೆ ಒಳಾಂಗಗಳು ಸುರಕ್ಷಿತವೆಂದು ಹೇಳಲಾಗದು. ಆದ್ದರಿಂದ ದಿನನಿತ್ಯ ಸೇವಿಸುವ ಔಷಧಗಳಿಗೆ 28 ದಿನಗಳ ಅಥವಾ 90 ದಿನಗಳ ಪರೀಕ್ಷೆ ನಡೆಸಲಾಗುತ್ತದೆ. 28 ದಿನಗಳ ಪರೀಕ್ಷೆಯಲ್ಲಿ ಪ್ರತಿ ಗುಂಪಿಗೆ ಕನಿಷ್ಠ 5 ಗಂಡು, 5 ಹೆಣ್ಣು ಇಲಿಗಳೂ, 90 ದಿನಗಳ ಪರೀಕ್ಷೆಯಲ್ಲಿ 10 ಗಂಡು, 10 ಹೆಣ್ಣು ಇಲಿಗಳೂ ಇರುತ್ತವೆ. ಔಷಧವಿಲ್ಲದ ಒಂದು ಗುಂಪನ್ನು ಹೋಲಿಕೆಗಾಗಿ ಇಟ್ಟು, ಉಳಿದ ಗುಂಪುಗಳಿಗೆ ಕನಿಷ್ಠ ಮೂರು ಬೇರೆ ಬೇರೆ ಪ್ರಮಾಣಗಳಲ್ಲಿ ಔಷಧ ಕೊಡಲಾಗುತ್ತದೆ. ಇಲಿಯ ತೂಕ, ಅದು ತಿನ್ನುವ ಮೇವು, ನಡವಳಿಕೆ ಇವನ್ನು ದಾಖಲಿಸಲಾಗುತ್ತದೆ. ಕೊನೆಯಲ್ಲಿ ರಕ್ತ ತೆಗೆದು, ಪ್ರಾಣಿಯನ್ನು ನೋವಿಲ್ಲದಂತೆ ಕೊಂದು, ಯಕೃತ್ತು, ಮೂತ್ರಪಿಂಡ, ಹೃದಯ, ಗುಲ್ಮ, ಮೆದುಳು, ವೃಷಣ ಮೊದಲಾದ ಅಂಗಗಳನ್ನು ತೂಗಲಾಗುತ್ತದೆ. ಅಂಗಗಳ ತುಣುಕುಗಳನ್ನು ಫಾರ್ಮಲಿನ್‌ನಲ್ಲಿಟ್ಟು, ತೆಳುವಾಗಿ ಸೀಳಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ನೋಡಲಾಗುತ್ತದೆ.

ರಕ್ತಪರೀಕ್ಷೆ ಏನು ಹೇಳುತ್ತದೆ ಎಂಬುದನ್ನು ಆಸ್ಪತ್ರೆಯಲ್ಲಿ ಲಿವರ್ ಟೆಸ್ಟ್ ಮಾಡಿಸಿಕೊಂಡವರು ಸುಲಭವಾಗಿ ಗ್ರಹಿಸಬಹುದು. ಯಕೃತ್ತಿನ ಜೀವಕೋಶಗಳು ಒಡೆದಾಗ ಅವುಗಳೊಳಗಿನ ಎಸ್‌ಜಿಪಿಟಿ, ಎಸ್‌ಜಿಒಟಿ ಎಂಬ ಕಿಣ್ವಗಳು ರಕ್ತಕ್ಕೆ ಸೋರುತ್ತವೆ. ಪಿತ್ತದ ಹರಿವಿಗೆ ಅಡ್ಡಿಯಾದರೆ ಬಿಲಿರುಬಿನ್ ಹಾಗೂ ಆಲ್ಕಲೈನ್ ಫಾಸ್ಫಟೇಸ್ ಏರುತ್ತವೆ. ಮೂತ್ರಪಿಂಡ ಸೋತರೆ ಯೂರಿಯ, ಕ್ರಿಯಾಟಿನಿನ್ ಹೆಚ್ಚುತ್ತವೆ. ಮನುಷ್ಯನಲ್ಲಿ ನೋಡುವ ಗುರುತುಗಳನ್ನೇ ಇಲಿಯಲ್ಲಿಯೂ ನೋಡಲಾಗುತ್ತದೆ. ಆದರೆ ಕ್ರಿಯಾಟಿನಿನ್ ಏರುವ ವೇಳೆಗೆ ಮೂತ್ರಪಿಂಡದ ಕಾರ್ಯಶಕ್ತಿಯ ಬಹುಭಾಗ ನಷ್ಟವಾಗಿರಬಹುದಾದ್ದರಿಂದ, ರಕ್ತದ ಅಂಕಿಗಳನ್ನು ಮಾತ್ರ ಕೊಟ್ಟು ಅಂಗಾಂಶ ಪರೀಕ್ಷೆಯನ್ನು ಬಿಟ್ಟ ವರದಿ ಪೂರ್ಣವೆನಿಸುವುದಿಲ್ಲ.

ಯಕೃತ್ತನ್ನು ಕಾಪಾಡುವ ಗಿಡಗಳು

ನಮ್ಮ ದೇಶದಲ್ಲಿ ಔಷಧೀಯ ಸಸ್ಯಗಳ ಮೇಲೆ ನಡೆದಿರುವ ಪ್ರಾಣಿ ಅಧ್ಯಯನಗಳಲ್ಲಿ ಯಕೃತ್ತಿಗೆ ಸಂಬಂಧಿಸಿದವು ಬಹಳ. ನೆಲನೆಲ್ಲಿ, ನೆಲಬೇವು, ಕಟುಕರೋಹಿಣಿ, ಅಮೃತಬಳ್ಳಿ ಇವೆಲ್ಲವೂ ಹಲವಾರು ಬಾರಿ ಪರೀಕ್ಷೆಗೊಳಗಾಗಿವೆ. ಸಾಮಾನ್ಯ ಕ್ರಮ ಹೀಗಿರುತ್ತದೆ: ಇಲಿಗೆ ಕೆಲವು ದಿನ ಸಸ್ಯಸಾರವನ್ನು ಕುಡಿಸಿ, ಬಳಿಕ ಯಕೃತ್ತಿಗೆ ಹಾನಿ ಮಾಡುವ ರಾಸಾಯನಿಕವೊಂದನ್ನು ಕೊಡುವುದು, ಸಸ್ಯಸಾರ ಪಡೆಯದ ಇಲಿಗಳಿಗಿಂತ ಇವುಗಳಲ್ಲಿ ಹಾನಿ ಕಡಿಮೆಯಿದೆಯೇ ಎಂದು ನೋಡುವುದು. ಹೋಲಿಕೆಗೆಂದು ಇನ್ನೊಂದು ಗುಂಪಿಗೆ ಸಿಲಿಮರಿನ್ ಎಂಬ ಸಸ್ಯಜನ್ಯ ಔಷಧ ಕೊಡುವುದು ವಾಡಿಕೆ.

ಹಾನಿ ಮಾಡಲು ಹೆಚ್ಚಾಗಿ ಬಳಸುವುದು ಕಾರ್ಬನ್ ಟೆಟ್ರಾಕ್ಲೋರೈಡ್ ಅಥವಾ ಪ್ಯಾರಾಸಿಟಮಾಲ್. ಇವೆರಡೂ ನೇರವಾಗಿ ವಿಷವಲ್ಲ ಎಂಬುದು ಗಮನಾರ್ಹ. ಯಕೃತ್ತಿನಲ್ಲಿರುವ ಕಿಣ್ವಗಳೇ ಅವನ್ನು ವಿಷವಾಗಿ ಪರಿವರ್ತಿಸುತ್ತವೆ. ಪ್ಯಾರಾಸಿಟಮಾಲ್ ಮಿತವಾಗಿದ್ದಾಗ ಹುಟ್ಟುವ ಅಲ್ಪ ವಿಷವನ್ನು ಗ್ಲುಟಥಯೋನ್ ಎಂಬ ಪದಾರ್ಥ ನಿವಾರಿಸುತ್ತದೆ. ಅತಿಯಾದಾಗ ಗ್ಲುಟಥಯೋನ್ ಮುಗಿದುಹೋಗಿ ಜೀವಕೋಶಗಳು ಸಾಯುತ್ತವೆ. ಆಸ್ಪತ್ರೆಗಳಲ್ಲಿ ಇದಕ್ಕೆ ಪ್ರತಿವಿಷವಾಗಿ ಕೊಡುವ ಅಸಿಟೈಲ್‌ಸಿಸ್ಟೀನ್ ಈ ಗ್ಲುಟಥಯೋನನ್ನೇ ಮರಳಿ ತುಂಬುತ್ತದೆ. ಪ್ರಾಣಿಗಳಲ್ಲಿ ಮಾಡಿದ ಅಧ್ಯಯನದಿಂದ ಅರಿತ ಸಂಗತಿಯೊಂದು ನೇರವಾಗಿ ಮನುಷ್ಯರ ಪ್ರಾಣ ಉಳಿಸಿದ ಉತ್ತಮ ನಿದರ್ಶನವಿದು. ಸುಂಡಿಲಿಗಳಲ್ಲಿ ಈ ಹಾನಿ ಮನುಷ್ಯರಲ್ಲಿ ಕಾಣುವಂತೆಯೇ ಕಾಣುತ್ತದೆ. ಇಲಿಗಳು ಮಾತ್ರ ಪ್ಯಾರಾಸಿಟಮಾಲನ್ನು ಬಹುಮಟ್ಟಿಗೆ ತಡೆದುಕೊಳ್ಳುತ್ತವೆ. ಆದ್ದರಿಂದ ಪ್ಯಾರಾಸಿಟಮಾಲ್ ಬಳಸಿದ ವರದಿಯಲ್ಲಿ ಯಾವ ಪ್ರಾಣಿ ಎಂಬುದನ್ನು ಮೊದಲು ನೋಡಬೇಕು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸಸ್ಯಸಾರವು ಯಕೃತ್ತಿನ ಆ ಕಿಣ್ವವನ್ನೇ ತಡೆದುಬಿಟ್ಟರೆ ಕಾರ್ಬನ್ ಟೆಟ್ರಾಕ್ಲೋರೈಡ್ ವಿಷವಾಗುವುದೇ ಇಲ್ಲ. ಹಾನಿಯೂ ಆಗುವುದಿಲ್ಲ. ನೋಡುವವರಿಗೆ ಗಿಡವು ಯಕೃತ್ತನ್ನು ಕಾಪಾಡಿದಂತೆ ತೋರುತ್ತದೆ. ವಾಸ್ತವವಾಗಿ ಅದು ಒಂದು ರಾಸಾಯನಿಕ ಕ್ರಿಯೆಯನ್ನು ನಿಲ್ಲಿಸಿದೆ ಅಷ್ಟೆ. ವೈರಸ್‌ನಿಂದ ಅಥವಾ ಮದ್ಯಪಾನದಿಂದ ಯಕೃತ್ತು ಕೆಟ್ಟ ವ್ಯಕ್ತಿಗೆ ಅದರಿಂದ ಪ್ರಯೋಜನವಾಗುತ್ತದೆಂದು ಇದರಿಂದ ತೀರ್ಮಾನಿಸಲಾಗದು. ಅಷ್ಟೇ ಅಲ್ಲ, ಹಾನಿಗೆ ಮೊದಲೇ ಕೊಟ್ಟ ಮದ್ದು ಹಾನಿಯನ್ನು ತಡೆದರೆ ಅದು ರಕ್ಷಣೆ. ಹಾನಿಯಾದ ಮೇಲೆ ಕೊಟ್ಟು ಗುಣಪಡಿಸಿದರೆ ಮಾತ್ರ ಚಿಕಿತ್ಸೆ. ರೋಗಿಯು ವೈದ್ಯರ ಬಳಿ ಬರುವುದು ರೋಗ ಬಂದ ಮೇಲೆಯೇ. ಮೊದಲ ಬಗೆಯ ಪ್ರಯೋಗವನ್ನು ತೋರಿಸಿ ಎರಡನೆಯ ಬಗೆಯ ಹಕ್ಕುಸಾಧನೆಯನ್ನು ಹೊರಪಟ್ಟಿಯ ಮೇಲೆ ಬರೆಯಬಾರದು.

ನೆಲನೆಲ್ಲಿಯ ಇತಿಹಾಸ ಈ ವಿಷಯದಲ್ಲಿ ಬಹಳ ಬೋಧಪ್ರದ. ಕಾಮಾಲೆಗೆ ನೆಲನೆಲ್ಲಿಯನ್ನು ಅರೆದು ಮಜ್ಜಿಗೆಯಲ್ಲಿಯೋ ಹಾಲಿನಲ್ಲಿಯೋ ಕೊಡುವುದು ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತಿರುವ ಮದ್ದು. ಹೆಪಟೈಟಿಸ್-ಬಿ ವೈರಸ್ಸನ್ನು ಕಂಡುಹಿಡಿದು 1976ರ ನೊಬೆಲ್ ಪ್ರಶಸ್ತಿ ಹಂಚಿಕೊಂಡ ಬರೂಚ್ ಬ್ಲಂಬರ್ಗ್ ಹಾಗೂ ಅವರ ಸಹೋದ್ಯೋಗಿಗಳು 1987ರಲ್ಲಿ ವುಡ್‌ಚಕ್ ಎಂಬ ಪ್ರಾಣಿಯಲ್ಲಿ ಈ ಗಿಡದ ಸಾರವನ್ನು ಪರೀಕ್ಷಿಸಿದ ಫಲಿತಾಂಶಗಳನ್ನು ಪ್ರಕಟಿಸಿದರು. ಅಳಿಲಿನ ಕುಟುಂಬಕ್ಕೆ ಸೇರಿದ ಈ ಅಮೆರಿಕದ ಪ್ರಾಣಿಗೆ ಮನುಷ್ಯರ ಹೆಪಟೈಟಿಸ್-ಬಿಯನ್ನು ಹೋಲುವ ವೈರಸ್ ತಗಲುತ್ತದೆ. ಫಲಿತಾಂಶ ಆಶಾದಾಯಕವಾಗಿತ್ತು. 1988ರಲ್ಲಿ ಮದ್ರಾಸಿನ ವೈದ್ಯರು ಮನುಷ್ಯರಲ್ಲಿ ಪರೀಕ್ಷಿಸಿದಾಗ ಔಷಧ ಪಡೆದ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಯಿತೆಂದೂ, ಔಷಧವಲ್ಲದ ಪುಡಿ ಪಡೆದ 23 ಮಂದಿಯಲ್ಲಿ ಒಬ್ಬರಲ್ಲಿ ಮಾತ್ರ ಹಾಗಾಯಿತೆಂದೂ ವರದಿಯಾಯಿತು. ಜಗತ್ತಿನ ಗಮನ ಇತ್ತ ತಿರುಗಿತು. ಆದರೆ ಬೇರೆ ಬೇರೆ ದೇಶಗಳಲ್ಲಿ ನಡೆದ ನಂತರದ ಪ್ರಯೋಗಗಳಲ್ಲಿ ಅಂತಹ ಫಲ ದೊರೆಯಲಿಲ್ಲ. 2011ರ ಕಾಕ್ರೇನ್ ವಿಮರ್ಶೆಯು ಹೆಪಟೈಟಿಸ್-ಬಿಗೆ ಈ ಗಿಡದಿಂದ ಪ್ರಯೋಜನವಿದೆಯೆಂಬುದಕ್ಕೆ ಮನವರಿಕೆಯಾಗುವ ಪುರಾವೆ ಇಲ್ಲವೆಂದಿತು. ನೆಲನೆಲ್ಲಿ ನಿಷ್ಪ್ರಯೋಜಕ ಎಂದು ಇದರ ಅರ್ಥವಲ್ಲ. ಕಾಮಾಲೆಯು ಒಂದು ರೋಗವಲ್ಲ, ಹಲವು ರೋಗಗಳ ಲಕ್ಷಣ. ಹೆಪಟೈಟಿಸ್-ಎ ಆಗಿದ್ದಲ್ಲಿ ಸಾಮಾನ್ಯವಾಗಿ ಏನೂ ಕೊಡದಿದ್ದರೂ ಕೆಲವು ವಾರಗಳಲ್ಲಿ ಇಳಿಯುತ್ತದೆ, ಕೊಟ್ಟ ಮದ್ದಿಗೆ ಕೀರ್ತಿ ಬರುತ್ತದೆ. ಪಿತ್ತನಾಳದಲ್ಲಿ ಕಲ್ಲು ಅಥವಾ ಗಡ್ಡೆ ಇದ್ದಲ್ಲಿ ಮನೆಮದ್ದಿನಲ್ಲಿ ಕಳೆದ ದಿನಗಳು ಅಮೂಲ್ಯವಾಗಿಬಿಡುತ್ತವೆ. ಕಣ್ಣು ಹಳದಿಯಾದವರು ಯಾವ ಪದ್ಧತಿಯ ಔಷಧ ಪಡೆಯುವುದಾದರೂ ಒಮ್ಮೆ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಅಗತ್ಯ.

ಅಮೃತಬಳ್ಳಿಯ ಪ್ರಶ್ನೆ

ಅಮೃತಬಳ್ಳಿಯು ಇಲಿಗಳಲ್ಲಿ ಯಕೃತ್ತನ್ನು ಕಾಪಾಡುತ್ತದೆಂದು ತೋರಿಸಿದ ಅಧ್ಯಯನಗಳು ಇವೆ. ಕೋವಿಡ್ ಸಾಂಕ್ರಾಮಿಕದ ಕಾಲದಲ್ಲಿ ರೋಗನಿರೋಧಕ ಶಕ್ತಿಗೆಂದು ಅನೇಕರು ಇದನ್ನು ತಿಂಗಳುಗಟ್ಟಲೆ ಸೇವಿಸಿದರು. 2021ರಲ್ಲಿ ಮುಂಬಯಿಯ ವೈದ್ಯರು ಇದನ್ನು ಸೇವಿಸಿದ್ದ 6 ಮಂದಿಯಲ್ಲಿ ಯಕೃತ್ತಿನ ಹಾನಿಯನ್ನು ಕಂಡುದಾಗಿ ವರದಿ ಮಾಡಿದರು. 2022ರಲ್ಲಿ ದೇಶದ ವಿವಿಧ ಆಸ್ಪತ್ರೆಗಳ ವೈದ್ಯರು ಒಟ್ಟಾಗಿ 43 ರೋಗಿಗಳ ವಿವರ ಪ್ರಕಟಿಸಿದರು. ಇವರಲ್ಲಿ ಹಲವರ ಯಕೃತ್ತಿನಲ್ಲಿ, ದೇಹದ ರೋಗನಿರೋಧಕ ವ್ಯವಸ್ಥೆಯೇ ಯಕೃತ್ತಿನ ಮೇಲೆ ತಿರುಗಿಬೀಳುವ ಕಾಯಿಲೆಯ ಲಕ್ಷಣಗಳಿದ್ದವು. ಆಯುಷ್ ಸಚಿವಾಲಯವು ಈ ನಿರ್ಣಯವನ್ನು ಒಪ್ಪಲಿಲ್ಲ. ಅಮೃತಬಳ್ಳಿ ಸುರಕ್ಷಿತವೆಂದೂ, ಅದನ್ನೇ ಹೋಲುವ ಅದೇ ಕುಲದ ಟಿನೊಸ್ಪೊರ ಕ್ರಿಸ್ಪ ಎಂಬ ಇನ್ನೊಂದು ಬಳ್ಳಿಯೊಡನೆ ಗೊಂದಲವಾಗಿರುವ ಸಾಧ್ಯತೆಯಿದೆಯೆಂದೂ ಸ್ಪಷ್ಟೀಕರಣ ನೀಡಿತು. ವೈದ್ಯರು ತಮ್ಮ ನಿಲುವಿಗೆ ಅಂಟಿಕೊಂಡರು.

ಇಲಿಯಲ್ಲಿ ಒಳ್ಳೆಯದು ಮಾಡಿದ ಬಳ್ಳಿ ಮನುಷ್ಯರಲ್ಲಿ ಕೆಟ್ಟದ್ದು ಮಾಡಲು ಸಾಧ್ಯವೇ ಎಂಬ ಪ್ರಶ್ನೆ ಸಹಜ. ಸಾಧ್ಯವಿದೆ. ಪ್ರಯೋಗಾಲಯದ ಇಲಿಗಳು ಒಂದೇ ತಳಿಯವು, ಎಳೆಯವು, ಆರೋಗ್ಯವಂತವು. ಒಂದೇ ಬಗೆಯ ಮೇವು ತಿನ್ನುತ್ತವೆ. ಮನುಷ್ಯರಲ್ಲಿ ಸಾವಿರಕ್ಕೆ ಒಬ್ಬರಿಗೆ ಆಗುವ ತೊಂದರೆ 20 ಇಲಿಗಳಲ್ಲಿ ಕಾಣಿಸಿಕೊಳ್ಳಬೇಕೆಂದಿಲ್ಲ. ಲೆಕ್ಕದ ಪ್ರಕಾರ, 20 ಪ್ರಾಣಿಗಳಲ್ಲಿ ಒಂದಕ್ಕೂ ತೊಂದರೆಯಾಗದಿದ್ದರೂ ನೂರಕ್ಕೆ ಸುಮಾರು 14ರವರೆಗಿನ ಅಪಾಯವನ್ನು ಆ ಪ್ರಯೋಗ ಅಲ್ಲಗಳೆಯಲಾರದು. ಆಧುನಿಕ ಔಷಧಗಳೂ ಇದಕ್ಕೆ ಹೊರತಲ್ಲ. ಹೆಪಟೈಟಿಸ್-ಬಿಗೆಂದು ಅಮೆರಿಕದಲ್ಲಿ 1993ರಲ್ಲಿ ಪರೀಕ್ಷಿಸಿದ ಫಿಯಾಲ್ಯುರಿಡಿನ್ ಎಂಬ ಔಷಧ ಪ್ರಾಣಿ ಅಧ್ಯಯನಗಳನ್ನು ದಾಟಿ ಬಂದಿತ್ತು. ಅದನ್ನು ಪಡೆದ 15 ರೋಗಿಗಳಲ್ಲಿ 7 ಮಂದಿಗೆ ಯಕೃತ್ತು ವಿಫಲವಾಗಿ, 5 ಮಂದಿ ಮರಣ ಹೊಂದಿದರು.

ತಯಾರಕರಿಗೆ ಇದರಿಂದ ತಿಳಿಯುವುದೇನೆಂದರೆ ಗಿಡದ ಗುರುತು ಖಚಿತವಾಗಿರಬೇಕು. ಅಧ್ಯಯನಕ್ಕೆ ಬಳಸಿದ ಗಿಡದ ಮಾದರಿಯನ್ನು ಒಣಗಿಸಿ, ಸಸ್ಯಶಾಸ್ತ್ರಜ್ಞರಿಂದ ಗುರುತಿಸಿ, ಸಸ್ಯಸಂಗ್ರಹಾಲಯವೊಂದರಲ್ಲಿ ಸಂಖ್ಯೆಯೊಡನೆ ಇರಿಸಿರಬೇಕು. ಪ್ರಾಣಿಗೆ ಕೊಟ್ಟ ಗಿಡ ಒಂದು, ಮಾರಾಟವಾಗುವ ಔಷಧದಲ್ಲಿರುವ ಗಿಡ ಇನ್ನೊಂದು ಎಂದಾದಲ್ಲಿ ವರದಿ ಎಷ್ಟೇ ದಪ್ಪವಾಗಿದ್ದರೂ ನಿರರ್ಥಕ.

ಈಶ್ವರಿ ಬಳ್ಳಿ ಮತ್ತು ಮೂತ್ರಪಿಂಡ

ಗುರುತು ತಪ್ಪಿದರೆ ಏನಾಗುತ್ತದೆಂಬುದಕ್ಕೆ ಬೆಲ್ಜಿಯಂ ದೇಶದ ಪ್ರಕರಣ ಜಗತ್ಪ್ರಸಿದ್ಧ. ಬ್ರಸೆಲ್ಸ್‌ನಲ್ಲಿ ತೂಕ ಇಳಿಸಿಕೊಳ್ಳಲು ಚೀನೀ ಮೂಲಿಕೆಗಳ ಗುಳಿಗೆ ಸೇವಿಸಿದ ಮಹಿಳೆಯರಲ್ಲಿ ಮೂತ್ರಪಿಂಡಗಳು ಅತಿ ವೇಗವಾಗಿ ನಾರುಗಟ್ಟಿ ವಿಫಲವಾದುದು 1993ರಲ್ಲಿ ವರದಿಯಾಯಿತು. ಮುಂದೆ ಇಂತಹ ನೂರಕ್ಕೂ ಹೆಚ್ಚು ಪ್ರಕರಣಗಳು ಬೆಳಕಿಗೆ ಬಂದವು. ಅನೇಕರಿಗೆ ಡಯಾಲಿಸಿಸ್ ಅಥವಾ ಮೂತ್ರಪಿಂಡ ಕಸಿ ಅನಿವಾರ್ಯವಾಯಿತು. ಗುಳಿಗೆಯಲ್ಲಿರಬೇಕಾದ ಸ್ಟೆಫಾನಿಯ ಎಂಬ ಬೇರಿಗೆ ಬದಲಾಗಿ, ಚೀನೀ ಭಾಷೆಯಲ್ಲಿ ಹೆಚ್ಚುಕಡಿಮೆ ಅದೇ ಹೆಸರಿರುವ ಅರಿಸ್ಟೊಲೋಕಿಯ ಜಾತಿಯ ಬೇರು ಸೇರಿಹೋಗಿತ್ತು. ಅದರಲ್ಲಿದ್ದ ಅರಿಸ್ಟೊಲೋಕಿಕ್ ಆಮ್ಲವೇ ಹಾನಿಗೆ ಕಾರಣವೆಂದು ಸಿದ್ಧವಾಯಿತು.

ವಿಷಾದದ ಸಂಗತಿಯೆಂದರೆ ಎಚ್ಚರಿಕೆ ಅದಕ್ಕೆ ಹತ್ತು ವರ್ಷ ಮೊದಲೇ ಇತ್ತು. ಈ ಆಮ್ಲವನ್ನು ಕೊಟ್ಟ ಇಲಿಗಳ ಜಠರದಲ್ಲಿ ಮೂರು ತಿಂಗಳೊಳಗೆ ಕ್ಯಾನ್ಸರ್ ಬೆಳೆದುದನ್ನು ಜರ್ಮನಿಯ ಸಂಶೋಧಕರು 1982ರಲ್ಲಿ ಪ್ರಕಟಿಸಿದ್ದರು. ಜರ್ಮನಿಯಲ್ಲಿ ಈ ಆಮ್ಲವಿರುವ ಔಷಧಗಳನ್ನು 1981ರಲ್ಲಿಯೇ ಹಿಂತೆಗೆದುಕೊಳ್ಳಲಾಗಿತ್ತು. ಆಹಾರಪೂರಕವೆಂದೂ ಮೂಲಿಕೆಯೆಂದೂ ಬರುವ ವಸ್ತುಗಳಲ್ಲಿ ಅದೇ ಗಿಡ ಇರಬಹುದೆಂದು ಯಾರೂ ನೋಡಲಿಲ್ಲ. ಮತ್ತೊಂದು ಸಂಗತಿ ಪ್ರಯೋಗ ಮಾಡಿಸುವವರು ತಿಳಿದಿರಬೇಕಾದುದು: ಮನುಷ್ಯರಲ್ಲಿ ಕಂಡ ಮೂತ್ರಪಿಂಡದ ನಾರುಗಟ್ಟುವಿಕೆಯನ್ನು ಇಲಿಗಳಲ್ಲಿ ಮೊದಲು ತೋರಿಸಲಾಗಲಿಲ್ಲ, ಗಡ್ಡೆಗಳು ಮಾತ್ರ ಕಂಡವು. ಬಳಿಕ ಮೊಲಗಳಲ್ಲಿ ಮಾಡಿದ ಪ್ರಯೋಗದಲ್ಲಿ ಅದು ಸ್ಪಷ್ಟವಾಗಿ ಕಂಡಿತು. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2002ರಲ್ಲಿ ಈ ಆಮ್ಲವಿರುವ ಮೂಲಿಕೆಗಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲ ವರ್ಗಕ್ಕೆ ಸೇರಿಸಿತು.

ನಮ್ಮ ಕಾಡುಮೇಡುಗಳಲ್ಲಿ ಬೆಳೆಯುವ ಈಶ್ವರಿ ಬಳ್ಳಿ ಇದೇ ಅರಿಸ್ಟೊಲೋಕಿಯ ಕುಲಕ್ಕೆ ಸೇರಿದುದು. ಹಾವು ಕಡಿತಕ್ಕೆ ಇದರ ಬೇರನ್ನು ಕೊಡುವ ರೂಢಿ ಹಲವೆಡೆ ಇದೆ. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ನ ಹುಳುಗಳು ಈ ಕುಟುಂಬದ ಎಲೆಗಳನ್ನೇ ತಿಂದು ಬೆಳೆಯುತ್ತವೆ. ಎಲೆಯ ವಿಷವನ್ನು ಮೈಯಲ್ಲಿ ಶೇಖರಿಸಿಕೊಂಡು ಹಕ್ಕಿಗಳಿಂದ ಪಾರಾಗುತ್ತವೆ. ಹುಳುವಿಗೆ ಆಹಾರವಾದುದು ಮನುಷ್ಯನ ಮೂತ್ರಪಿಂಡಕ್ಕೆ ಮೃತ್ಯು. ಹಾವು ಕಡಿತಕ್ಕೆ ಆಸ್ಪತ್ರೆಯಲ್ಲಿ ದೊರೆಯುವ ಪ್ರತಿವಿಷವೇ ಚಿಕಿತ್ಸೆಯಾಗಿದ್ದು, ಈ ಬಳ್ಳಿಯನ್ನು ಒಳಗೆ ಸೇವಿಸಬಾರದೆಂದು ಸಾರ್ವಜನಿಕರಲ್ಲಿ ವಿನಂತಿಸಲಾಗಿದೆ.

ಪ್ರಾಣಿಯಿಂದ ಪ್ರಾಣಿಗೆ ವ್ಯತ್ಯಾಸ

ಡೈಕ್ಲೋಫಿನಾಕ್ ಎಂಬ ನೋವು ನಿವಾರಕದ ಕಥೆ ಇದಕ್ಕೆ ಪೂರಕವಾಗಿದೆ. ದನಗಳಿಗೆ ಕೊಡುತ್ತಿದ್ದ ಈ ಔಷಧ ದನಗಳಿಗೆ ತೊಂದರೆ ಮಾಡಲಿಲ್ಲ. ಔಷಧ ಪಡೆದು ಸತ್ತ ದನದ ಮಾಂಸ ತಿಂದ ರಣಹದ್ದುಗಳ ಮೂತ್ರಪಿಂಡ ಮಾತ್ರ ಕೆಲವೇ ದಿನಗಳಲ್ಲಿ ವಿಫಲವಾಗಿ, ಯೂರಿಕ್ ಆಮ್ಲವು ಒಳಾಂಗಗಳ ಮೇಲೆ ಸುಣ್ಣದಂತೆ ಬಿಳಿಯಾಗಿ ಲೇಪಗೊಂಡು ಅವು ಸತ್ತವು. ಪಾಕಿಸ್ತಾನದಲ್ಲಿ ನಡೆದ ಅಧ್ಯಯನದಿಂದ ಈ ಕಾರಣ 2004ರಲ್ಲಿ ಬೆಳಕಿಗೆ ಬಂದಿತು. ಅಷ್ಟರಲ್ಲಿ ದೇಶದ ಕೆಲವು ಜಾತಿಯ ರಣಹದ್ದುಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಅಳಿದಿದ್ದವು. ಪಶುಚಿಕಿತ್ಸೆಯಲ್ಲಿ ಡೈಕ್ಲೋಫಿನಾಕ್ ಬಳಕೆಯನ್ನು ಭಾರತ ಸರ್ಕಾರವು 2006ರಲ್ಲಿ ನಿಷೇಧಿಸಿತು. ಬದಲಿಯಾಗಿ ಸೂಚಿಸಿದ ಮೆಲೊಕ್ಸಿಕಾಮನ್ನು ಹದ್ದುಗಳಲ್ಲಿಯೇ ಪರೀಕ್ಷಿಸಿ ಸುರಕ್ಷಿತವೆಂದು ಖಚಿತಪಡಿಸಿಕೊಳ್ಳಲಾಗಿತ್ತು. ಪಶುಗಳಿಗೆ ಕೊಡುವ ಕೀಟೊಪ್ರೊಫೆನ್, ಅಸಿಕ್ಲೋಫಿನಾಕ್‌ಗಳನ್ನೂ 2023ರಲ್ಲಿ ನಿಷೇಧಿಸಲಾಯಿತು. ನಮ್ಮ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಅಭಯಾರಣ್ಯವೆಂದು ಘೋಷಿಸಿದ್ದರ ಹಿನ್ನೆಲೆಯಲ್ಲಿ ಈ ಅವಸಾನವೂ ಇದೆ. ರಾಸುಗಳಿಗೆ ನೋವು ನಿವಾರಕ ಕೊಡಿಸುವ ರೈತರು ಪಶುವೈದ್ಯರನ್ನು ವಿಚಾರಿಸಿಯೇ ಕೊಡಿಸತಕ್ಕದ್ದು.

ಪ್ರಮಾಣದ ಲೆಕ್ಕದಲ್ಲಿಯೂ ತಪ್ಪುಗಳಾಗುತ್ತವೆ. ಇಲಿಗೆ ಪ್ರತಿ ಕಿಲೋಗ್ರಾಂಗೆ 300 ಮಿಲಿಗ್ರಾಂ ಕೊಟ್ಟು ಸುರಕ್ಷಿತವೆಂದು ಕಂಡರೆ, 60 ಕಿಲೋಗ್ರಾಂ ತೂಕದ ಮನುಷ್ಯನಿಗೆ 18 ಗ್ರಾಂ ಸುರಕ್ಷಿತವೆಂದು ಗುಣಿಸಬಾರದು. ಸಣ್ಣ ಪ್ರಾಣಿಗಳ ದೇಹ ಔಷಧವನ್ನು ವೇಗವಾಗಿ ವಿಲೇವಾರಿ ಮಾಡುತ್ತದೆ. ದೇಹದ ಮೇಲ್ಮೈ ವಿಸ್ತಾರವನ್ನು ಆಧರಿಸಿ, ಇಲಿಯ ಪ್ರಮಾಣವನ್ನು 6.2ರಿಂದಲೂ ಸುಂಡಿಲಿಯ ಪ್ರಮಾಣವನ್ನು 12.3ರಿಂದಲೂ ಭಾಗಿಸುವುದು ರೂಢಿಯಲ್ಲಿರುವ ಕ್ರಮ. ಆಗ ಮೇಲಿನ ಉದಾಹರಣೆಯಲ್ಲಿ ಮನುಷ್ಯನಿಗೆ ಸಮಾನವಾದ ಪ್ರಮಾಣ ಸುಮಾರು 2.9 ಗ್ರಾಂ ಆಗುತ್ತದೆ. ಇದರ ಮೇಲೆ ಸುರಕ್ಷತೆಗಾಗಿ ಇನ್ನೂ ಕಡಿಮೆ ಮಾಡಿಯೇ ಮನುಷ್ಯರಲ್ಲಿ ಆರಂಭಿಸಲಾಗುತ್ತದೆ.

ಪ್ರಾಣಿಗಳ ಹಿತ ಮತ್ತು ಅನುಮತಿ

ಪ್ರಾಣಿಗಳ ಮೇಲೆ ಪ್ರಯೋಗವನ್ನು ಯಾರು ಬೇಕಾದರೂ, ಎಲ್ಲಿ ಬೇಕಾದರೂ ಮಾಡುವಂತಿಲ್ಲ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮ, 1960ರ ಅಡಿಯಲ್ಲಿ ರಚಿತವಾದ, ಪ್ರಾಣಿ ಪ್ರಯೋಗಗಳ ನಿಯಂತ್ರಣ ಮತ್ತು ಮೇಲ್ವಿಚಾರಣೆಯ ಕೇಂದ್ರ ಸಮಿತಿಯಲ್ಲಿ ಸಂಸ್ಥೆಯು ನೋಂದಣಿಯಾಗಿರಬೇಕು. ಅಂತಹ ಪ್ರತಿ ಸಂಸ್ಥೆಯಲ್ಲಿ ನೈತಿಕ ಸಮಿತಿಯೊಂದಿದ್ದು, ಅದರಲ್ಲಿ ಪಶುವೈದ್ಯರು, ಸಂಸ್ಥೆಯ ಹೊರಗಿನ ವಿಜ್ಞಾನಿ, ವಿಜ್ಞಾನಿಯಲ್ಲದ ಸಾಮಾಜಿಕ ಕಳಕಳಿಯುಳ್ಳ ವ್ಯಕ್ತಿ ಹಾಗೂ ಕೇಂದ್ರ ಸಮಿತಿಯ ನಾಮನಿರ್ದೇಶಿತರು ಇರುತ್ತಾರೆ. ಸಂಶೋಧಕರು ನಮೂನೆ ಬಿಯಲ್ಲಿ ಅರ್ಜಿ ಸಲ್ಲಿಸಿ, ಎಷ್ಟು ಪ್ರಾಣಿಗಳು, ಏಕೆ ಅಷ್ಟು, ಪ್ರಾಣಿಗಳಿಲ್ಲದೆ ಏಕೆ ಸಾಧ್ಯವಿಲ್ಲ, ನೋವನ್ನು ಹೇಗೆ ತಡೆಯಲಾಗುವುದು ಎಂಬುದನ್ನು ವಿವರಿಸಬೇಕು. ಇಲಿ, ಸುಂಡಿಲಿ, ಮೊಲದಂತಹ ಸಣ್ಣ ಪ್ರಾಣಿಗಳ ಪ್ರಯೋಗಕ್ಕೆ ಸಂಸ್ಥೆಯ ಸಮಿತಿಯೇ ಅನುಮತಿ ನೀಡಬಹುದು. ದೊಡ್ಡ ಪ್ರಾಣಿಗಳಿಗೆ ಕೇಂದ್ರ ಸಮಿತಿಯ ಅನುಮತಿ ಬೇಕು. ಸಣ್ಣ ಪ್ರಾಣಿಗಳಿಂದ ಸಾಧ್ಯವಾಗುವುದನ್ನು ದೊಡ್ಡ ಪ್ರಾಣಿಗಳಲ್ಲಿ ಮಾಡಬಾರದೆಂದು ಅಧಿನಿಯಮವೇ ಹೇಳುತ್ತದೆ.

ಈಗಾಗಲೇ ಇತರರು ಮಾಡಿ ಪ್ರಕಟಿಸಿರುವ ಪ್ರಯೋಗವನ್ನು ಮತ್ತೆ ಮಾಡಿಸುವುದು ಹಣಕ್ಕೂ ಜೀವಕ್ಕೂ ನಷ್ಟ. 2023ರಲ್ಲಿ ಹೊಸ ಔಷಧಗಳ ನಿಯಮಗಳಿಗೆ ತಿದ್ದುಪಡಿ ತಂದು, ಮನುಷ್ಯರ ಜೀವಕೋಶಗಳು, ಅಂಗಗಳ ಕಾರ್ಯವನ್ನು ಅನುಕರಿಸುವ ಸಣ್ಣ ಚಿಪ್‌ಗಳು, ಗಣಕಯಂತ್ರ ಮಾದರಿಗಳು ಇವುಗಳ ಮೂಲಕ ಪಡೆದ ಮಾಹಿತಿಗೂ ಅವಕಾಶ ಕಲ್ಪಿಸಲಾಗಿದೆ. ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು 2014ರಲ್ಲಿಯೇ ನಿಷೇಧಿಸಲಾಗಿರುವುದರಿಂದ, ಮುಖಲೇಪ, ಕೇಶತೈಲಗಳನ್ನು ಸೌಂದರ್ಯವರ್ಧಕವೆಂದು ತಯಾರಿಸುವವರು ಅಂತಹ ವರದಿಯನ್ನು ಮಾಡಿಸಕೂಡದು.

ಅರ್ಜಿದಾರರ ಗಮನಕ್ಕೆ

ಆಯುರ್ವೇದ ಔಷಧ ತಯಾರಿಕಾ ಪರವಾನಗಿಗೆ ನಮೂನೆ 24-ಡಿಯಲ್ಲಿ ಅರ್ಜಿ ಸಲ್ಲಿಸಬೇಕಾಗಿದ್ದು, ಆಯುಷ್ ಸಚಿವಾಲಯವು 2019ರಲ್ಲಿ ಆರಂಭಿಸಿದ ಇ-ಔಷಧಿ ಜಾಲತಾಣದ ಮೂಲಕ ಆನ್‌ಲೈನ್ ಅರ್ಜಿಗೆ ಅವಕಾಶವಿದೆ. ಸುರಕ್ಷತಾ ವರದಿ ಅಗತ್ಯವಿರುವ ಔಷಧಗಳಿಗೆ, ವರದಿಯೊಡನೆ ಅಧ್ಯಯನ ನಡೆಸಿದ ಸಂಸ್ಥೆಯ ನೋಂದಣಿ ಸಂಖ್ಯೆ, ನೈತಿಕ ಸಮಿತಿಯ ಅನುಮತಿಯ ಸಂಖ್ಯೆ ಮತ್ತು ದಿನಾಂಕ, ಗಿಡದ ಗುರುತಿನ ಪ್ರಮಾಣಪತ್ರ ಇವು ಇರಬೇಕು. ಪರೀಕ್ಷಿಸಿದ ಮಾದರಿಯ ಬ್ಯಾಚ್ ಸಂಖ್ಯೆಯು ತಾವು ತಯಾರಿಸುವ ಔಷಧದ ಸೂತ್ರಕ್ಕೆ ಹೊಂದಿಕೆಯಾಗಬೇಕು. ಅನುಮತಿಯ ದಿನಾಂಕಕ್ಕಿಂತ ಮುಂಚೆಯೇ ಪ್ರಯೋಗ ಆರಂಭವಾಗಿರುವ ವರದಿಯನ್ನು ಲಗತ್ತಿಸಬಾರದು. ಸರಾಸರಿ ಅಂಕಿಗಳಷ್ಟೇ ಅಲ್ಲದೆ ಪ್ರತಿ ಪ್ರಾಣಿಯ ವಿವರವನ್ನೂ, ಅಧ್ಯಯನದ ಮಧ್ಯೆ ಸತ್ತ ಪ್ರಾಣಿಗಳಿದ್ದಲ್ಲಿ ಅವುಗಳ ಕಾರಣವನ್ನೂ ಮುಚ್ಚಿಡದೆ ನೀಡತಕ್ಕದ್ದು. ಒಂದೆರಡು ಪ್ರಾಣಿ ಸತ್ತಿವೆಯೆಂದು ಅರ್ಜಿ ತಿರಸ್ಕೃತವಾಗುವುದಿಲ್ಲ. ಸತ್ತುದನ್ನು ಮರೆಮಾಚಿದರೆ ಇಡೀ ವರದಿಯ ಮೇಲೆ ಸಂಶಯ ಮೂಡುತ್ತದೆ.

ಪ್ರಾಣಿ ಅಧ್ಯಯನದ ಫಲಿತಾಂಶವನ್ನು ಜಾಹೀರಾತಿನಲ್ಲಿ ರೋಗ ಗುಣಪಡಿಸುವ ಪುರಾವೆಯಾಗಿ ಬಳಸುವುದಕ್ಕೆ ಅವಕಾಶವಿಲ್ಲ. ಮೂತ್ರಪಿಂಡದ ಕಲ್ಲು, ಮಧುಮೇಹ ಮುಂತಾದ ರೋಗಗಳನ್ನು ಗುಣಪಡಿಸುತ್ತದೆಂಬ ಜಾಹೀರಾತನ್ನು ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಅಧಿನಿಯಮ, 1954 ನಿಷೇಧಿಸುತ್ತದೆ.

ಯಾವುದೇ ಪದ್ಧತಿಯ ಔಷಧ ಸೇವಿಸಿದ ಬಳಿಕ ಕಣ್ಣು ಅಥವಾ ಮೂತ್ರ ಹಳದಿಯಾಗುವುದು, ಮೂತ್ರದ ಪ್ರಮಾಣ ಇಳಿಯುವುದು, ಕಾಲುಗಳಲ್ಲಿ ಬಾವು, ನಿಲ್ಲದ ವಾಂತಿ ಇವು ಕಂಡುಬಂದಲ್ಲಿ ಔಷಧವನ್ನು ನಿಲ್ಲಿಸಿ ಸಮೀಪದ ಆಸ್ಪತ್ರೆಗೆ ಹೋಗುವುದು. ಹೋಗುವಾಗ ಔಷಧದ ಶೀಶೆ ಅಥವಾ ಪೊಟ್ಟಣವನ್ನು, ನಾಟಿ ಮದ್ದಾಗಿದ್ದಲ್ಲಿ ಆ ಗಿಡದ ಒಂದು ಕಡ್ಡಿಯನ್ನು, ಜೊತೆಗೆ ಕೊಂಡೊಯ್ಯುವುದು. ಔಷಧದ ದುಷ್ಪರಿಣಾಮವನ್ನು ರಾಷ್ಟ್ರೀಯ ಔಷಧ ಜಾಗರೂಕತಾ ಕಾರ್ಯಕ್ರಮದ ಶುಲ್ಕರಹಿತ ದೂರವಾಣಿ 1800-180-3024ಕ್ಕೆ ತಿಳಿಸಬಹುದು. ದೂರು ಸಲ್ಲಿಸುವವರು ಔಷಧದ ಹೆಸರು, ಬ್ಯಾಚ್ ಸಂಖ್ಯೆ, ತಯಾರಿಕೆಯ ದಿನಾಂಕ, ಸೇವಿಸಿದ ಪ್ರಮಾಣ ಮತ್ತು ಅವಧಿಯನ್ನು ಬರೆದಿಟ್ಟುಕೊಂಡಿರತಕ್ಕದ್ದು.